ವಾಹನಗಳು ಮಾತನಾಡುತ್ತವೆ, ನಾವು ಕೇಳುತ್ತೇವೆಯೇ?

ಬಜ್ಪೆಯಿಂದ ವಿಮಾನ ಹತ್ತಿ ಬೆಂಗಳೂರಿಗೆ ಹೋಗಿ ಬಂದ ಹಿರಿಯರಿಗೆ ವಿಮಾನಪುರದ ಪರಿಚಯ ಇದ್ದೇ ಇದೆ. 2008ರ ಮೇ ತಿಂಗಳವರೆಗೆ ರಾಜಧಾನಿಯ ಪ್ರಯಾಣಿಕರ ವಿಮಾನ ನಿಲ್ದಾಣ ಇದ್ದುದು ಇಲ್ಲಿಯೇ, ಎಚ್‌ಎಎಲ್ ಕಾರ್ಖಾನೆಯ ಮಗ್ಗುಲಲ್ಲಿ. ನಿಲ್ದಾಣ ದೇವನಹಳ್ಳಿಗೆ ಹೋದರೂ ಇಲ್ಲಿನ ರಸ್ತೆಗೆ ಹಳೆಯ ವಿಮಾನ ನಿಲ್ದಾಣ ರಸ್ತೆ ಎಂಬ ಹೆಸರು ಉಳಿದಿದೆ. ಆ ರಸ್ತೆಯ ಬದಿಯಲ್ಲಿ ಹತ್ತು ನಿಮಿಷ ನಿಂತರೆ ವಾಹನಗಳ ಹಳೆಯ ಭಾಷೆಯೆಲ್ಲ ತಿಳಿಯುತ್ತದೆ. ಹಾರ್ನ್, ಇಂಡಿಕೇಟರ್, ಬ್ರೇಕ್ ದೀಪ, ಕಿಟಕಿಯಿಂದ ಹೊರಬಂದ ಚಾಲಕನ ಕೈ - ಇಷ್ಟೇ ಆ ಭಾಷೆ. ಕಣ್ಣಿಗೆ ಕಂಡರೆ ಅಥವಾ ಕಿವಿಗೆ ಕೇಳಿದರೆ ಮಾತ್ರ ಅದು ತಲುಪುತ್ತದೆ. ಈ ಕೊರತೆಯನ್ನು ನೀಗಿಸಲು ವಾಹನಗಳಿಗೆ ಹೊಸ ಭಾಷೆಯೊಂದನ್ನು ಕಲಿಸಲಾಗುತ್ತಿದೆ.

ವಾಹನದ ಒಳಗಿನ ಮಾತು

ಹಿಂದಿನ ಕಾರುಗಳಲ್ಲಿ ಪ್ರತಿಯೊಂದು ಸ್ವಿಚ್ಚಿನಿಂದ ಪ್ರತಿಯೊಂದು ದೀಪಕ್ಕೆ ಪ್ರತ್ಯೇಕ ತಂತಿ ಇರುತ್ತಿತ್ತು. ಉಪಕರಣಗಳು ಹೆಚ್ಚಿದಂತೆ ತಂತಿಗಳ ಗಂಟು ಬೆಳೆಯಿತು. ಬೆಂಗಳೂರಿನವರು ಬಹುಕಾಲ ಮೈಕೋ ಎಂದೇ ಕರೆದ ಕಂಪನಿಯ ಮೂಲಸಂಸ್ಥೆಯಾದ ಜರ್ಮನಿಯ ಬಾಷ್, 1986ರಲ್ಲಿ ಇದಕ್ಕೆ ಪರಿಹಾರವಾಗಿ ಕ್ಯಾನ್ ಎಂಬ ಜಾಲವನ್ನು ಮುಂದಿಟ್ಟಿತು. ಇದರಲ್ಲಿ ಹೆಣೆದ ಎರಡು ತಂತಿಗಳ ಮೇಲೆ ಇಂಜಿನ್, ಬ್ರೇಕ್, ಏರ್‌ಬ್ಯಾಗ್ ಮುಂತಾದವುಗಳ ಪುಟ್ಟ ಕಂಪ್ಯೂಟರುಗಳು ತಮ್ಮ ಸಂದೇಶಗಳನ್ನು ಹಾಕುತ್ತವೆ. ಬೇಕಾದವು ಅದನ್ನು ಓದಿಕೊಳ್ಳುತ್ತವೆ.

ಇಬ್ಬರು ಒಮ್ಮೆಲೇ ಮಾತು ಆರಂಭಿಸಿದರೆ? ಪ್ರತಿ ಸಂದೇಶಕ್ಕೂ ಒಂದು ಸಂಖ್ಯೆ ಇದೆ. ಕಡಿಮೆ ಸಂಖ್ಯೆಯದ್ದು ಮೊದಲು ಹೋಗುತ್ತದೆ, ಉಳಿದದ್ದು ಕಾಯುತ್ತದೆ. ಆದ್ದರಿಂದ ತುರ್ತು ಸಂದೇಶಗಳಿಗೆ ಚಿಕ್ಕ ಸಂಖ್ಯೆ ಕೊಡುತ್ತಾರೆ. ಆಂಬ್ಯುಲೆನ್ಸ್‌ಗೆ ನಾವು ದಾರಿ ಬಿಡುವಂತೆಯೇ ಇದು. ಡಿಕ್ಕಿಯಾದ ಕ್ಷಣದಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಳ್ಳುವುದರ ಜೊತೆಗೆ ಇಂಧನ ನಿಂತು, ಬಾಗಿಲಿನ ಬೀಗ ತೆರೆದುಕೊಳ್ಳುವುದು ಅನೇಕ ಕಾರುಗಳಲ್ಲಿ ಇಂತಹ ಜಾಲದಿಂದಲೇ.

ವಿಮಾನಪುರದ ಆಕಾಶದಲ್ಲಿ 2001ರ ಜನವರಿ 4ರಂದು ಮೊದಲ ಬಾರಿಗೆ ಹಾರಿದ ತೇಜಸ್ ಯುದ್ಧವಿಮಾನದಲ್ಲಿಯೂ ಇದೇ ಉದ್ದೇಶದ ಜಾಲವಿದೆ. ಅಲ್ಲಿ ಯಾರು ಯಾವಾಗ ಮಾತನಾಡಬೇಕೆಂದು ಒಂದು ನಿಯಂತ್ರಕ ಹೇಳುತ್ತದೆ. ಅದು ಅಧ್ಯಕ್ಷರಿರುವ ಸಭೆ. ಕಾರಿನದ್ದು ಅಧ್ಯಕ್ಷರಿಲ್ಲದೆಯೂ ಶಿಸ್ತಾಗಿ ನಡೆಯುವ ಸಭೆ.

ವಾಹನದಿಂದ ವಾಹನಕ್ಕೆ

ಎರಡನೆಯ ಹಂತ ಇನ್ನೂ ಕುತೂಹಲಕರವಾದುದು. ಪ್ರತಿ ವಾಹನವೂ ತಾನಿರುವ ಸ್ಥಳ, ವೇಗ, ದಿಕ್ಕು, ಬ್ರೇಕ್ ಒತ್ತಿದೆಯೇ ಎಂಬುದನ್ನು ಸೆಕೆಂಡಿಗೆ ಸುಮಾರು 10 ಬಾರಿ ರೇಡಿಯೋ ಮೂಲಕ ಸುತ್ತಲಿನವರಿಗೆ ಸಾರುತ್ತದೆ. ಶಿರಾಡಿ ಘಾಟಿಯ ತಿರುವಿನ ಆಚೆ ಲಾರಿಯೊಂದು ಕೆಟ್ಟು ನಿಂತಿದೆ ಎಂದುಕೊಳ್ಳಿ. ಇಂದಿನ ಹೊಸ ಕಾರುಗಳ ಕ್ಯಾಮೆರಾ, ರೇಡಾರ್‌ಗಳಿಗೆ ಎದುರಿಗೆ ಇರುವುದು ಮಾತ್ರ ಗೊತ್ತಾಗುತ್ತದೆ. ಆದರೆ ಲಾರಿಯೇ "ನಾನು ನಿಂತಿದ್ದೇನೆ" ಎಂದು ಹೇಳುವಂತಿದ್ದರೆ ತಿರುವಿಗೆ ಮೊದಲೇ ಎಚ್ಚರಿಕೆ ಸಿಗುತ್ತದೆ. ಗುಡ್ಡ ಅಡ್ಡ ಬಂದು ಸಂಕೇತ ಕುಗ್ಗುವಲ್ಲಿ ರಸ್ತೆ ಬದಿಯ ಕಂಬದ ಉಪಕರಣ ಅದನ್ನು ಮುಂದಕ್ಕೆ ದಾಟಿಸಬಲ್ಲದು. ಜಪಾನಿನಲ್ಲಿ 2015ರಿಂದ ಇಂತಹ ಸೌಲಭ್ಯವಿರುವ ಕಾರುಗಳು ಮಾರಾಟಕ್ಕೆ ಬಂದಿವೆ.

ಆಕಾಶದಲ್ಲಿ ಇದು ಹಳೆಯ ಮಾತು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಡಿಕ್ಕಿಯಾಗಿ 349 ಮಂದಿ ಸತ್ತರು. ಆ ಬಳಿಕ ನಮ್ಮ ದೇಶದಲ್ಲಿ ಪ್ರಯಾಣಿಕ ವಿಮಾನಗಳಿಗೆ ಡಿಕ್ಕಿ ತಪ್ಪಿಸುವ ಸಾಧನ ಕಡ್ಡಾಯವಾಯಿತು. ಹತ್ತಿರ ಬಂದ ಎರಡು ವಿಮಾನಗಳು ಪರಸ್ಪರ ವಿಚಾರಿಸಿಕೊಂಡು, ಒಂದು ತನ್ನ ಪೈಲಟ್‌ಗೆ "ಮೇಲೇರು" ಎಂದರೆ ಇನ್ನೊಂದು "ಕೆಳಗಿಳಿ" ಎನ್ನುತ್ತದೆ.

ನಮ್ಮ ರಸ್ತೆಗಳಲ್ಲಿ

ಭಾರತದಲ್ಲಿ 2019ರ ಜನವರಿ 1ರಿಂದ ಹೊಸದಾಗಿ ನೋಂದಣಿಯಾಗುವ ಬಸ್ಸು, ಟ್ಯಾಕ್ಸಿಗಳಂತಹ ಸಾರ್ವಜನಿಕ ವಾಹನಗಳಲ್ಲಿ ಸ್ಥಳ ತಿಳಿಸುವ ಸಾಧನ ಮತ್ತು ತುರ್ತು ಗುಂಡಿ ಇರಬೇಕೆಂದು ನಿಯಮವಾಗಿದೆ. ಬೆಂಗಳೂರಿನ ಬಿಎಂಟಿಸಿ 2016ರಲ್ಲಿಯೇ ತನ್ನ ಬಸ್ಸುಗಳ ಜಾಡು ತಿಳಿಯುವ ವ್ಯವಸ್ಥೆಯನ್ನು ಆರಂಭಿಸಿತು. ಆದರೆ ಇವೆಲ್ಲ ವಾಹನವು ಕೇಂದ್ರಕ್ಕೆ ವರದಿ ಒಪ್ಪಿಸುವ ಬಗೆ. ಪಕ್ಕದ ವಾಹನದೊಂದಿಗೆ ಮಾತಲ್ಲ.

ಪಕ್ಕದ ವಾಹನದೊಂದಿಗೆ ಮಾತನಾಡಲು ಹಲವು ತೊಡಕುಗಳಿವೆ. ರಸ್ತೆಯಲ್ಲಿ ಎಲ್ಲ ವಾಹನಗಳೂ ಒಂದೇ ಭಾಷೆ ಆಡಬೇಕು. ಸುಳ್ಳು ಸಂದೇಶ ಹರಡದಂತೆ ಪ್ರತಿ ಸಂದೇಶಕ್ಕೂ ನಂಬಿಕಸ್ಥ ಮುದ್ರೆ ಬೇಕು. ಯಾರು ಎಲ್ಲಿಗೆ ಹೋದರೆಂಬ ಗುಟ್ಟು ಬಯಲಾಗದಂತೆ ವಾಹನದ ಗುರುತನ್ನು ಆಗಾಗ ಬದಲಿಸುತ್ತಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಸೈಕಲ್ ಸವಾರ ಮತ್ತು ರಸ್ತೆ ದಾಟುವ ಅಜ್ಜಿಯ ಕೈಯಲ್ಲಿ ಯಾವ ಸಾಧನವೂ ಇರುವುದಿಲ್ಲ. ಅವರನ್ನು ಕಾಣಬೇಕಾದುದು ಚಾಲಕನ ಕಣ್ಣೇ.

ಕೇಳುವ ಕಿವಿ

ಇದೇ ವಿಮಾನಪುರದ ಬಳಿ 1990ರ ಫೆಬ್ರವರಿ 14ರಂದು, ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಎ-320 ವಿಮಾನ ಓಡುದಾರಿ ತಲುಪುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕಪ್ಪಳಿಸಿತು. ವಿಮಾನದಲ್ಲಿದ್ದ 146 ಮಂದಿಯಲ್ಲಿ 92 ಮಂದಿ ತೀರಿಕೊಂಡರು. ಅಂದಿನ ಕಾಲಕ್ಕೆ ಅದು ಅತ್ಯಾಧುನಿಕ ಕಂಪ್ಯೂಟರ್ ವಿಮಾನ. ಇಂಜಿನ್‌ಗಳು ಕನಿಷ್ಠ ಶಕ್ತಿಯಲ್ಲಿದ್ದು ವೇಗವೂ ಎತ್ತರವೂ ಕುಸಿಯುತ್ತಿದ್ದುದರ ಗಂಭೀರತೆ ಪೈಲಟ್‌ಗಳಿಗೆ ಸಕಾಲದಲ್ಲಿ ಅರಿವಾಗಲಿಲ್ಲವೆಂದು ತನಿಖೆ ಹೇಳಿತು. 2010ರ ಮೇ 22ರಂದು ನಮ್ಮ ಮಂಗಳೂರಿನಲ್ಲಿ 158 ಮಂದಿಯನ್ನು ಕಳೆದುಕೊಂಡ ದುರಂತವನ್ನು ನಾವು ಮರೆತಿಲ್ಲ. ಅಲ್ಲಿಯೂ ಯಂತ್ರ ಹಲವು ಬಾರಿ ಎಚ್ಚರಿಸಿತ್ತು, ಸಹ ಪೈಲಟ್ ಮೂರು ಬಾರಿ ಹೇಳಿದ್ದರು, ಆದರೂ ಇಳಿಯುವುದನ್ನು ಕೈಬಿಡಲಿಲ್ಲವೆಂದು ತನಿಖಾ ವರದಿಯಲ್ಲಿದೆ.

ಯಂತ್ರಕ್ಕೆ ಮಾತು ಕಲಿಸುವುದು ಇಂಜಿನಿಯರುಗಳ ಕೆಲಸ. ಆ ಮಾತನ್ನು ಅರ್ಥ ಮಾಡಿಕೊಂಡು ಪಾಲಿಸುವುದು ನಮ್ಮದು. ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಹೊತ್ತಿದರೆ "ಆಮೇಲೆ ನೋಡೋಣ" ಎನ್ನದೆ ಗ್ಯಾರೇಜಿಗೆ ಒಯ್ಯೋಣ. ಸೀಟ್ ಬೆಲ್ಟಿನ ಸದ್ದು ನಿಲ್ಲಿಸಲು ಬರಿಯ ಕೊಂಡಿ ಸಿಕ್ಕಿಸುವ ಅಭ್ಯಾಸವನ್ನು ಬಿಡೋಣ. ಚರ್ಚಿನಿಂದ ಯಾತ್ರೆಗೋ ಶಾಲೆಯ ಮಕ್ಕಳ ಪ್ರವಾಸಕ್ಕೋ ಬಸ್ಸು ಗೊತ್ತುಮಾಡುವಾಗ ಬಾಡಿಗೆಯ ಜೊತೆಗೆ ಇನ್ನೆರಡು ಪ್ರಶ್ನೆ ಕೇಳೋಣ: ತುರ್ತು ಗುಂಡಿ ಕೆಲಸ ಮಾಡುತ್ತದೆಯೇ? ಚಾಲಕರಿಗೆ ಸಾಕಷ್ಟು ನಿದ್ದೆಯಾಗಿದೆಯೇ? ಮೊದಲನೆಯದಕ್ಕೆ ಯಂತ್ರ ಉತ್ತರ ಕೊಡಬಲ್ಲದು. ಎರಡನೆಯದನ್ನು ನಾವೇ ಕೇಳಿ ತಿಳಿಯಬೇಕು.