ಕತ್ತಿನ ನಾಳಕ್ಕೆ ಕ್ಲಾಂಪು, ಮಿದುಳಿಗೆ ಕಾವಲು

ಮಾನ್ವಿ, ದೇವದುರ್ಗದ ಕಡೆ ಲಕ್ವ ಎಂದರೆ ಎಲ್ಲರಿಗೂ ಗೊತ್ತು. ಅದಕ್ಕೂ ಮುಂಚಿನ ಸೂಚನೆಯನ್ನು ಗುರುತಿಸುವವರು ಕಡಿಮೆ. ಉಣ್ಣಲು ಕೂತಾಗ ರೊಟ್ಟಿ ಮುರಿಯುವ ಕೈ ಸೋತು ಬೀಳುತ್ತದೆ, ಮಾತು ತೊದಲುತ್ತದೆ, ಇಲ್ಲವೇ ಒಂದೇ ಕಣ್ಣು ಮಂಜಾಗುತ್ತದೆ. ಹತ್ತು ನಿಮಿಷದಲ್ಲಿ ಎಲ್ಲ ಸರಿ. "ಬಿಸಿಲಿಗೆ ಹಂಗಾಗಿರಬೇಕು" ಎಂದು ಮನೆಯವರು ಮಜ್ಜಿಗೆ ಕೊಡುತ್ತಾರೆ. ರಾಯಚೂರಿನ ಬಿಸಿಲಿನ ಮೇಲೆ ಏನು ಹೊರಿಸಿದರೂ ನಡೆಯುತ್ತದೆ ಬಿಡಿ. ಆದರೆ ಇಂಥವರಲ್ಲಿ ಕೆಲವರಿಗೆ ತೊಂದರೆ ಇರುವುದು ಕತ್ತಿನಲ್ಲಿ.

ಕತ್ತಿನ ಎರಡೂ ಬದಿಗೆ ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ನಾಳಗಳಿವೆ. ಅವು ಕವಲೊಡೆಯುವಲ್ಲಿ ಕೊಬ್ಬು ಕಟ್ಟಿಕೊಂಡು ದಾರಿ ಕಿರಿದಾಗುತ್ತದೆ. ಬೀಡಿ, ಬಿಪಿ, ಸಕ್ಕರೆ ಕಾಯಿಲೆ ಇದಕ್ಕೆ ಕುಮ್ಮಕ್ಕು. ಈ ಕೊಬ್ಬನ್ನು ಕೆತ್ತಿ ತೆಗೆಯುವ ಶಸ್ತ್ರಚಿಕಿತ್ಸೆಯಿಂದ ಲಾಭವಿದೆಯೆಂದು 1991ರಲ್ಲಿ ಉತ್ತರ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿತು. ನಾಳ ಶೇ 70ಕ್ಕಿಂತ ಹೆಚ್ಚು ಕಿರಿದಾಗಿ, ಆಗಲೇ ಸೂಚನೆ ಕಂಡಿದ್ದವರಲ್ಲಿ ಎರಡು ವರ್ಷದೊಳಗೆ ಅದೇ ಬದಿಯ ಪಾರ್ಶ್ವವಾಯು ಶೇ 26ರಿಂದ 9ಕ್ಕೆ ಇಳಿಯಿತು.

ಪೇಚಿರುವುದು ಇಲ್ಲಿ: ಲಕ್ವ ತಪ್ಪಿಸುವ ಈ ಶಸ್ತ್ರಚಿಕಿತ್ಸೆಯೇ ಲಕ್ವ ತರಬಹುದು. ನಾಳ ಬಿಚ್ಚಲು ಕ್ಲಾಂಪು ಹಾಕಿದರೆ ಆ ಬದಿಯ ಹರಿವು ನಿಲ್ಲುತ್ತದೆ. ಮಿದುಳಿನ ತಳದ ರಕ್ತನಾಳಗಳ ಬಳೆಯ ಮೂಲಕ ಇನ್ನೊಂದು ಬದಿಯಿಂದ ರಕ್ತ ಬರಬೇಕು. ಎಲ್ಲರಲ್ಲೂ ಆ ಬಳೆ ಪೂರ್ತಿ ಕೂಡಿರುವುದಿಲ್ಲ. ಹರಿವು ತಗ್ಗಿದರೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಹೊಲಗಳಂತೆ, ಎರಡು ನಾಳಗಳ ಹಂಚಿಕೆ ಮುಗಿಯುವ ಅಂಚಿನ ಭಾಗ ಮೊದಲು ಬಾಡುತ್ತದೆ.

ಇದನ್ನು ಆ ಕ್ಷಣವೇ ಹಿಡಿಯಲು ನೇರವಾದ ದಾರಿ ರೋಗಿಯನ್ನು ಎಚ್ಚರವಾಗಿಡುವುದು. ಕತ್ತನ್ನಷ್ಟೇ ಮರಗಟ್ಟಿಸಿ, ಎಡ ನಾಳದ ಶಸ್ತ್ರಚಿಕಿತ್ಸೆಯಾದರೆ ಬಲಗೈಗೆ ಪೀಪೀ ಎನ್ನುವ ರಬ್ಬರ್ ಗೊಂಬೆ ಕೊಡುತ್ತಾರೆ. "ಒತ್ತಿ" ಎಂದಾಗ ಸದ್ದು ಬಂದರೆ ಸರಿ. ಬರದಿದ್ದರೆ, ಕೇಳಿದ್ದಕ್ಕೆ ಉತ್ತರ ತಡವರಿಸಿದರೆ, ಕ್ಲಾಂಪಿನ ಆಚೀಚೆ ರಕ್ತ ಹರಿಸಲು ಸಣ್ಣ ಕೊಳವೆ ಜೋಡಿಸುತ್ತಾರೆ. ಚಿಕಿತ್ಸೆ ಹೈದರಾಬಾದಿನಲ್ಲಾಗುವುದಾದರೆ, ದೇವದುರ್ಗದ ಅಜ್ಜನಿಗೆ ಕನ್ನಡವಷ್ಟೇ ಬರುತ್ತದೆಂದು ಮೊದಲೇ ಹೇಳಿಡಿ. ತೆಲುಗಿನ ಮಾತು ತಿಳಿಯದೆ ಅಜ್ಜ ಸುಮ್ಮನಿದ್ದರೂ ಮಿದುಳು ಸೋತಿದೆಯೆಂದೇ ಅನ್ನಿಸೀತು.

ಪೂರ್ತಿ ಅರಿವಳಿಕೆ ಕೊಟ್ಟಿದ್ದರೆ ಯಂತ್ರಗಳೇ ಗತಿ. ಹರಿವು ತಗ್ಗಿದರೆ ಇಇಜಿಯಲ್ಲಿ ಮಿದುಳಿನ ವಿದ್ಯುತ್ ಅಲೆಗಳು ನಿಧಾನವಾಗುತ್ತವೆ. ಹಣೆಗೆ ಅಂಟಿಸಿದ ಸೆನ್ಸರ್ ಆಮ್ಲಜನಕ ತಗ್ಗಿದ್ದನ್ನು ತೋರಿಸುತ್ತದೆ. ಕಣತಲೆಗಿಟ್ಟ ಡಾಪ್ಲರ್ ಹರಿವಿನ ವೇಗ ಅಳೆಯುವುದಷ್ಟೇ ಅಲ್ಲ, ಕೊಬ್ಬಿನ ಚೂರು ಮಿದುಳಿನತ್ತ ಹೋದರೆ ಚಿಟ್ ಎಂದು ಸದ್ದು ಮಾಡುತ್ತದೆ. ಬಹಳಷ್ಟು ಹಾನಿ ಇಂಥ ಚೂರುಗಳಿಂದಲೇ ಆಗುವುದರಿಂದ ಆ ಚಿಟ್ ಸದ್ದಿಗೆ ಬೆಲೆ ಹೆಚ್ಚು. ಎಚ್ಚರವೋ ಅರಿವಳಿಕೆಯೋ ಎಂಬ ವಾದಕ್ಕೆ 3,526 ರೋಗಿಗಳ ಅಧ್ಯಯನ 2008ರಲ್ಲಿ ಕೊಟ್ಟ ಉತ್ತರ: ಫಲಿತಾಂಶದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಮಿದುಳಿಗೆ ಹಾನಿಯಾಗಿದೆಯೇ ಎಂದು ತಿಳಿಯಲು ಎಸ್-100ಬಿಯಂಥ ಪ್ರೋಟೀನನ್ನು ರಕ್ತದಲ್ಲಿ ಹುಡುಕುವುದೂ ಉಂಟು. ಏಟು ಬಿದ್ದ ಮೇಲೆ ಏರುವ ಅದನ್ನು ನಂಬಿ ಕ್ಲಾಂಪು ಹಾಕಿಟ್ಟು ಕಾಯಲಾಗದು.

ಮನೆಗೆ ಬಂದ ಮೇಲೂ ಕೆಲವು ದಿನ ಕಾವಲು ಬೇಕು. ಬಹುಕಾಲ ಕಡಿಮೆ ರಕ್ತಕ್ಕೆ ಒಗ್ಗಿದ ಮಿದುಳಿಗೆ ಒಮ್ಮೆಲೇ ಹರಿವು ಹೆಚ್ಚಿದರೆ ವಿಪರೀತ ತಲೆನೋವು, ಫಿಟ್ಸ್, ರಕ್ತಸ್ರಾವವೂ ಆಗಬಹುದು. ಬಿಪಿ ಮಾತ್ರೆ ತಪ್ಪಿಸಬೇಡಿ, ತಲೆನೋವೆಂದು ಮನೆಯಲ್ಲೇ ಮಲಗಬೇಡಿ.

ಎಲ್ಲಕ್ಕಿಂತ ಮೊದಲು ಆ ಹತ್ತು ನಿಮಿಷ. ಕೈ ಸೋತದ್ದು ಸರಿಹೋಗಿದ್ದರೂ ಅಂದೇ ರಾಯಚೂರಿನ ಆಸ್ಪತ್ರೆಗೆ ಹೋಗಿ, ಕತ್ತಿನ ಡಾಪ್ಲರ್ ಸ್ಕ್ಯಾನ್ ಬೇಕೇ ಎಂದು ಕೇಳಿ. ಶಸ್ತ್ರಚಿಕಿತ್ಸೆ ಬೇಕಾದರೆ ಸೂಚನೆ ಕಂಡ ಎರಡು ವಾರದೊಳಗೆ ಮಾಡಿದಾಗಲೇ ಲಾಭ ಹೆಚ್ಚು. ಸೋತ ಕೈ ಏಳಲೇ ಇಲ್ಲವೆಂದರೆ 108ಕ್ಕೆ ಕರೆ ಮಾಡಿ.