ಐಗರ್‌ಗೆ ಬೆನ್ನು ಹಾಕಿ

ಗ್ರಿಂಡೆಲ್‌ವಾಲ್ಡ್‌ ನಿಲ್ದಾಣದಲ್ಲಿ ರೈಲು ಇಳಿದವರೆಲ್ಲ ಮೊದಲು ಕತ್ತು ಹಿಂದಕ್ಕೆ ವಾಲಿಸುತ್ತಾರೆ. ಸೂಟ್‌ಕೇಸಿನ ಚಕ್ರಗಳು ಸದ್ದು ನಿಲ್ಲಿಸುತ್ತವೆ. ಅಂಗಡಿಗಳ ಮಾಡು, ಅದರಾಚೆ ಹುಲ್ಲಿನ ಇಳಿಜಾರು, ಅದರಾಚೆ ಕಪ್ಪು ಸೂಚಿಪರ್ಣಿ ಕಾಡು, ಅದಕ್ಕೂ ಮೇಲೆ, ಆಕಾಶವಿರಬೇಕಾದ ಜಾಗದಲ್ಲಿ, ಬೂದು ಬಂಡೆ. ಅದೇ ಐಗರ್‌.

ಸ್ವಿಟ್ಜರ್ಲೆಂಡಿನ ಬರ್ನ್‌ ಪ್ರಾಂತ್ಯದ ಈ ಹಳ್ಳಿ ಇರುವುದು ಸಮುದ್ರಮಟ್ಟದಿಂದ 1,034 ಮೀಟರ್‌ ಎತ್ತರದಲ್ಲಿ, ಹೆಚ್ಚೂಕಮ್ಮಿ ನಮ್ಮ ಚಿಕ್ಕಮಗಳೂರಿನ ಮಟ್ಟದಲ್ಲೇ. ಚಿಕ್ಕಮಗಳೂರಿನಿಂದ ಇನ್ನು ಎಂಟು–ಒಂಬೈನೂರು ಮೀಟರ್‌ ಏರಿದರೆ ಮುಳ್ಳಯ್ಯನಗಿರಿಯ ನೆತ್ತಿ ಸಿಕ್ಕಿತು. ಇಲ್ಲಿ ಬೆಟ್ಟ ಅದರ ಮೂರು ಪಟ್ಟಿಗೂ ಹೆಚ್ಚು ಮೇಲೆದ್ದು 3,967 ಮೀಟರಿಗೆ ಹೋಗಿ ನಿಲ್ಲುತ್ತದೆ. ಅದೂ ಮೆಲ್ಲಗೆ ಏರಿಕೊಂಡು ಹೋಗುವುದಲ್ಲ. ಊರಿನ ಹಿತ್ತಿಲಿನಿಂದಲೇ ನೆಟ್ಟಗೆ.

ಆದರೆ ಊರಿನ ಬೀದಿಯಲ್ಲಿ ನಿಂತರೆ ಐಗರ್‌ ಕಂಡೂ ಕಾಣದು. ತೀರಾ ಹತ್ತಿರವಾಯಿತು. ಬುಡವೇ ದೊಡ್ಡದಾಗಿ, ತುದಿ ಹಿಂದಕ್ಕೆ ಸರಿದು, ಬೆಟ್ಟ ಮೊಂಡಾಗಿಬಿಡುತ್ತದೆ. ಅದರ ನಿಜವಾದ ಎತ್ತರ ಕಾಣಬೇಕೆಂದರೆ ಅದಕ್ಕೆ ಬೆನ್ನು ಹಾಕಿ, ಕಣಿವೆಯ ಆಚೆ ಬದಿಯ ಸಾಧಾರಣ ಗುಡ್ಡಗಳನ್ನು ಹತ್ತಬೇಕು. ಗ್ರಿಂಡೆಲ್‌ವಾಲ್ಡ್‌ನಲ್ಲಿ ದೊಡ್ಡ ಶಿಖರಗಳ ಚೆಲುವೆಲ್ಲ ಚಿಕ್ಕ ಶಿಖರಗಳ ಕೈಯಲ್ಲಿದೆ.

ಆಚೆ ಬದಿಯ ಗುಡ್ಡಕ್ಕೆ ಹೋಗಲು ಕೇಬಲ್‌ ಕಾರು ಇದೆ. ಅದು 2,166 ಮೀಟರ್‌ ಎತ್ತರದ ಫಿರ್ಸ್ಟ್‌ ಎಂಬಲ್ಲಿಗೆ ಮುಟ್ಟಿಸುತ್ತದೆ. ಅಲ್ಲಿ ಉಕ್ಕಿನ ನಡೆಸೇತುವೆ, ಸೆಲ್ಫಿಯ ಸಾಲು, ತಂತಿಗೆ ಜೋತು ಜಾರುವವರ ಕಿರುಚಾಟ. ಅದನ್ನೆಲ್ಲ ದಾಟಿ ಹತ್ತು ನಿಮಿಷ ನಡೆದರೆ ಗದ್ದಲ ಹಿಂದೆ ಉಳಿಯುತ್ತದೆ. ದಾರಿಯ ಕವಲುಗಳಲ್ಲಿ ಹಳದಿ ಫಲಕಗಳಿವೆ. ಅವುಗಳಲ್ಲಿ ಕಿಲೋಮೀಟರ್‌ ಇಲ್ಲ, ಗಂಟೆ–ನಿಮಿಷ ಇದೆ. ಬಾಖಾಲ್ಪ್‌ ಸರೋವರಕ್ಕೆ ಐವತ್ತು ನಿಮಿಷ ಎಂದು ಬರೆದಿದ್ದರೆ ಅದು ಸ್ವಿಸ್‌ ಕಾಲಿನ ಲೆಕ್ಕ. ಕೂತು ಉಸಿರು ಬಿಡುವುದು, ಬಿಸ್ಕತ್ತಿನ ಪೊಟ್ಟಣ ಬಿಚ್ಚುವುದು, ಇವು ಅದರಲ್ಲಿ ಸೇರಿಲ್ಲ.

ಜುಲೈನಲ್ಲಿ ಈ ದಾರಿಯ ಎರಡೂ ಬದಿ ನೀಲಿ ಜೆನ್ಶಿಯನ್‌ ಹೂಗಳು ನೆಲಕ್ಕಂಟಿಕೊಂಡು ಅರಳಿರುತ್ತವೆ. ಎಲ್ಲೋ ಚುರುಕಾದ ಸೀಟಿ ಕೇಳುತ್ತದೆ. ಹಕ್ಕಿಯೆಂದುಕೊಂಡು ತಲೆಯೆತ್ತಿದರೆ ಏನೂ ಇಲ್ಲ. ಅದು ಮಾರ್ಮೊಟ್‌, ಬೆಕ್ಕಿನ ಗಾತ್ರದ ದಪ್ಪ ಅಳಿಲಿನ ಜಾತಿ. ಬಿಲದ ಬಾಯಲ್ಲಿ ಹಿಂಗಾಲ ಮೇಲೆ ನಿಂತು, ಅಪಾಯವೆಂದು ತನ್ನವರಿಗೆ ಸಾರುತ್ತಿರುತ್ತದೆ. ಹುಲ್ಲು ಮೇಯುವ ಹಸುಗಳ ಕೊರಳಗಂಟೆಯ ಸದ್ದಂತೂ ನಿಲ್ಲುವುದೇ ಇಲ್ಲ. ಜೂನ್‌ನಲ್ಲಿ ಹಟ್ಟಿ ಬಿಟ್ಟು ಮೇಲೆ ಬಂದ ದನಗಳು ಸೆಪ್ಟೆಂಬರ್‌ವರೆಗೆ ಇಲ್ಲೇ. ಹಾಲನ್ನು ಇಲ್ಲಿಯ ಗುಡಿಸಲುಗಳಲ್ಲೇ ಚೀಸು ಮಾಡುತ್ತಾರೆ. ಅದನ್ನಿಡುವ ಮರದ ಉಗ್ರಾಣಗಳು ಕಂಬದ ಮೇಲೆ ನಿಂತಿವೆ. ಪ್ರತಿ ಕಂಬದ ತಲೆಗೂ ಒಂದೊಂದು ಅಗಲವಾದ ಚಪ್ಪಟೆ ಕಲ್ಲು. ಕಂಬ ಹತ್ತಿ ಬಂದ ಇಲಿ ಆ ಕಲ್ಲಿನ ಅಂಚು ದಾಟಲಾರದೆ ವಾಪಸ್ಸು ಹೋಗಬೇಕು.

ಬಾಖಾಲ್ಪ್‌ ಸರೋವರ 2,265 ಮೀಟರ್‌ ಎತ್ತರದಲ್ಲಿದೆ. ಬೆಳಗ್ಗೆ ಬೇಗ ಹೋದವರಿಗೆ ಮಾತ್ರ ಅದರ ಪೂರ್ತಿ ದರ್ಶನ. ಗಾಳಿ ಏಳುವ ಮುನ್ನ ನೀರಿನಲ್ಲಿ ಶ್ರೆಕ್‌ಹಾರ್ನ್‌ ತಲೆಕೆಳಗಾಗಿ ನಿಂತಿರುತ್ತದೆ, ಪಕ್ಕದಲ್ಲಿ 4,274 ಮೀಟರಿನ ಫಿನ್‌ಸ್ಟೆರಾರ್‌ಹಾರ್ನ್‌. ಬರ್ನ್‌ ಸೀಮೆಯ ಆಲ್ಪ್ಸ್‌ನಲ್ಲಿ ಎಲ್ಲಕ್ಕಿಂತ ಎತ್ತರದ್ದು ಅದೇ, ಆದರೆ ಊರಿನಿಂದ ಅದು ಕಾಣುವುದೇ ಇಲ್ಲ. ಮುಂದಿನ ಸಾಲಿನವರ ಹೆಗಲ ಹಿಂದೆ ಅಡಗಿದೆ. ಹತ್ತು ಗಂಟೆಯ ಹೊತ್ತಿಗೆ ಒಂದು ಸಣ್ಣ ಅಲೆ ಬರುತ್ತದೆ, ಚಿತ್ರ ಅಲ್ಲಿಗೆ ಮುಗಿಯಿತು. ಬಂದವರಲ್ಲಿ ಮುಕ್ಕಾಲು ಪಾಲು ಜನ ಇಲ್ಲಿಂದಲೇ ಹಿಂದಿರುಗುತ್ತಾರೆ.

ಹಿಂದಿರುಗದವರಿಗೆ ಫೌಲ್‌ಹಾರ್ನ್‌. ಇನ್ನೂ ನಾನೂರು ಮೀಟರಿನ ಏರು, ಸ್ಲೇಟಿನಂತೆ ಪುಡಿಯಾಗುವ ಕರಿಕಲ್ಲಿನ ದಾರಿ. ಈ ಶಿಖರ ನೋಡಲು ಏನೂ ಇಲ್ಲ; ದೂರದಿಂದ ಬೋಳು ದಿಬ್ಬ, 2,681 ಮೀಟರ್‌. ಆದರೆ ನೆತ್ತಿಗೆ ತುಸು ಕೆಳಗೆ ಒಂದು ಮರದ ಹೋಟೆಲಿದೆ. 1830ರ ಸುಮಾರಿನದು, ಆಲ್ಪ್ಸ್‌ನ ತೀರ ಹಳೆಯ ಗಿರಿಹೋಟೆಲುಗಳಲ್ಲೊಂದು. ಸಂಗೀತಗಾರ ಫೆಲಿಕ್ಸ್‌ ಮೆಂಡೆಲ್‌ಸನ್‌ 1831ರ ಬೇಸಿಗೆಯಲ್ಲಿ ಇಲ್ಲಿಗೆ ಹತ್ತಿ ಬಂದಿದ್ದ. 1840ರ ದಶಕದಲ್ಲಿ ಫ್ರೆಂಚ್‌ ವಿಜ್ಞಾನಿ ಓಗ್ಯುಸ್ತ್‌ ಬ್ರಾವೆ ಉಪಕರಣಗಳನ್ನು ಹೊರಿಸಿಕೊಂಡು ಬಂದು ಗಾಳಿ, ಬೆಳಕು, ಶಾಖಗಳನ್ನು ಅಳೆಯುತ್ತ ಕೂತಿದ್ದ. ರೈಲೂ ಇಲ್ಲ, ಕೇಬಲ್‌ ಕಾರೂ ಇಲ್ಲದ ಕಾಲದಲ್ಲಿ ಜನ ಇಷ್ಟು ದೂರ ಬಂದದ್ದೇಕೆ ಎಂಬುದು ಜಗಲಿಯ ಬೆಂಚಿನ ಮೇಲೆ ಕೂತ ಕೂಡಲೇ ತಿಳಿಯುತ್ತದೆ. ಉತ್ತರಕ್ಕೆ ತಿರುಗಿದರೆ ಪಾತಾಳದಲ್ಲಿ ಬ್ರಿಯೆಂಟ್ಸ್‌ ಸರೋವರ, ಹಾಲು ಬೆರೆತ ಪಚ್ಚೆಯ ಬಣ್ಣ. ದಕ್ಷಿಣಕ್ಕೆ ತಿರುಗಿದರೆ ವೆಟರ್‌ಹಾರ್ನ್‌, ಶ್ರೆಕ್‌ಹಾರ್ನ್‌, ಐಗರ್‌, ಮೋಂಖ್‌, ಯುಂಗ್‌ಫ್ರೌ, ಒಂದರ ಪಕ್ಕ ಒಂದು. ಊರಿನಲ್ಲಿ ಮೊಂಡಾಗಿದ್ದ ಐಗರ್‌ ಇಲ್ಲಿ ಹರಿತವಾದ ಅಲಗು. ಹಳದಿ ಕೊಕ್ಕಿನ ಕಾಗೆಗಳು ಕಟಕಟೆಯ ಮೇಲೆ ಕೂತು ತಟ್ಟೆಯತ್ತ ನೋಡುತ್ತಿರುತ್ತವೆ. ಅವಕ್ಕೆ ಶಿಖರಗಳಲ್ಲಿ ಆಸಕ್ತಿಯಿಲ್ಲ.

ಈ ಸಾಲಿನಲ್ಲಿ ಊರಿನವರ ಮನೆಮಂದಿಯಂಥ ಬೆಟ್ಟವೆಂದರೆ ಐಗರ್‌ ಅಲ್ಲ, 3,692 ಮೀಟರಿನ ವೆಟರ್‌ಹಾರ್ನ್‌. 1854ರಲ್ಲಿ ಆಲ್‌ಫ್ರೆಡ್‌ ವಿಲ್ಸ್‌ ಎಂಬ ಇಂಗ್ಲಿಷ್‌ ವಕೀಲ ಬೇರೆ ಊರಿನ ಮಾರ್ಗದರ್ಶಿಗಳನ್ನೂ ಕಟ್ಟಿಕೊಂಡು ಅದನ್ನು ಹತ್ತುತ್ತಿದ್ದಾಗ, ಬಂಡೆಯ ಮೇಲೆ ಇಬ್ಬರು ಹಳ್ಳಿಗರು ಕಂಡರು. ಅವರಲ್ಲೊಬ್ಬನ ಬೆನ್ನಿಗೆ ಕೊಂಬೆ ಸಮೇತ ಒಂದು ಫರ್‌ ಮರ! ತಮ್ಮೂರ ಬೆಟ್ಟದ ಕೀರ್ತಿ ಪರರ ಪಾಲಾಗಬಾರದೆಂದು, ತುದಿಯಲ್ಲಿ ಆ ಮರ ನೆಡಲು ಹೊರಟವರು. ಮೊದಲು ಬೈದಾಟ, ಆಮೇಲೆ ರಾಜಿ, ಕೊನೆಗೆ ಎಲ್ಲರೂ ಒಟ್ಟಿಗೆ ಹತ್ತಿದರು. ಆ ಇಬ್ಬರಲ್ಲಿ ಒಬ್ಬ ಕ್ರಿಸ್ಟಿಯನ್‌ ಆಲ್ಮರ್‌. ನಾಲ್ಕು ವರ್ಷದ ನಂತರ, 1858ರಲ್ಲಿ, ಐಗರ್‌ನ ತುದಿಯನ್ನು ಮೊದಲು ಮುಟ್ಟಿದ ತಂಡದಲ್ಲಿಯೂ ಅವನೇ ಮಾರ್ಗದರ್ಶಿ. 1896ರಲ್ಲಿ ಎಪ್ಪತ್ತರ ಆಲ್ಮರ್‌ ಮದುವೆಯ ಐವತ್ತನೆಯ ವರ್ಷವನ್ನು ಆಚರಿಸಿದ್ದು ಹೆಂಡತಿಯನ್ನೂ ಕರೆದುಕೊಂಡು ವೆಟರ್‌ಹಾರ್ನ್‌ ಹತ್ತಿ. ಆಕೆ ವಯಸ್ಸಿನಲ್ಲಿ ಅವನಿಗಿಂತ ಹಿರಿಯಳು.

ಐಗರ್‌ನ ಉತ್ತರ ಗೋಡೆಯ ಕತೆ ಬೇರೆ ಬಗೆಯದು. ಕ್ಲೈನ ಷೈಡೆಗ್‌ ಎಂಬ ಕಣಿವೆದಾರಿಯ ಮೇಲಿನ ಐಗರ್‌ಗ್ಲೆಚರ್‌ ನಿಲ್ದಾಣದಿಂದ ಆಲ್ಪಿಗ್ಲೆನ್‌ವರೆಗೆ, ಗೋಡೆಯ ಬುಡಕ್ಕೆ ಅಂಟಿಕೊಂಡೇ ಕಾಲುದಾರಿಯೊಂದು ಇಳಿಯುತ್ತದೆ. ಎರಡು ಗಂಟೆಯ ನಡಿಗೆ. ಎಡಗಡೆ ಬಿಸಿಲು, ಹಸಿರು. ಬಲಗಡೆ 1,800 ಮೀಟರ್‌ ಎತ್ತರದ ಸುಣ್ಣಕಲ್ಲು ಮತ್ತು ಮಧ್ಯಾಹ್ನದಲ್ಲೂ ತಣ್ಣನೆಯ ನೆರಳು. ಮೇಲಿನ ಹಿಮಕ್ಕೆ ಬಿಸಿಲು ತಾಗಿ ಸಡಿಲವಾದ ಕಲ್ಲುಗಳು ಬೀಳುವ ಟಕ್‌ಟಕ್‌ ಕೇಳುತ್ತದೆ, ಕಲ್ಲು ಮಾತ್ರ ಕಾಣುವುದಿಲ್ಲ. 1936ರಲ್ಲಿ ಈ ಗೋಡೆಯ ಮೇಲೆ ಮೂವರು ಸಂಗಾತಿಗಳನ್ನೂ ಕಳೆದುಕೊಂಡ ಆರೋಹಿ ಟೋನಿ ಕುರ್ಟ್ಸ್‌, ಬೆಟ್ಟದೊಳಗಿನ ರೈಲು ಸುರಂಗದ ಕಿಂಡಿಯಿಂದ ಹೊರಬಂದ ರಕ್ಷಕರಿಗೆ ಇನ್ನೇನು ಕೈಗೆಟುಕುವಷ್ಟು ಹತ್ತಿರದಲ್ಲಿ ಹಗ್ಗಕ್ಕೆ ಜೋತು ಸತ್ತ. ಹಗ್ಗದ ಗಂಟು ಕೊಂಡಿಯಲ್ಲಿ ಸಿಕ್ಕಿಕೊಂಡಿತ್ತು, ಅಷ್ಟೇ. ಗೋಡೆ ಸೋತದ್ದು 1938ರ ಜುಲೈ 24ರಂದು: ಹೆಕ್‌ಮೇರ್‌, ಫೋರ್ಗ್‌, ಕಾಸ್ಪರೆಕ್‌, ಹಾರರ್‌. 2015ರಲ್ಲಿ ಉಯೆಲಿ ಸ್ಟೆಕ್‌ ಒಬ್ಬನೇ 2 ಗಂಟೆ 22 ನಿಮಿಷ 50 ಸೆಕೆಂಡಿನಲ್ಲಿ ಅದನ್ನು ಹತ್ತಿ ಮುಗಿಸಿದ. ಕೆಳಗಿನ ದಾರಿಯನ್ನು ನಾವು ಇಳಿಯಲು ತೆಗೆದುಕೊಳ್ಳುವಷ್ಟೇ ಹೊತ್ತು.

ಬೆಟ್ಟದ ಹೊಟ್ಟೆಯೊಳಗೇ ಹೋಗುವ ಆ ರೈಲಿನ ಬಗ್ಗೆ ನಮ್ಮವರಿಗೆ ಹೇಳಬೇಕಾದ್ದಿಲ್ಲ. ಬೇಸಿಗೆ ರಜೆಯಲ್ಲಿ ಅದರ ಬೋಗಿಗಳಲ್ಲಿ ಕನ್ನಡವೂ ಕಿವಿಗೆ ಬೀಳುತ್ತದೆ. 1896ರಿಂದ 1912ರವರೆಗೆ ಐಗರ್‌ ಮತ್ತು ಮೋಂಖ್‌ಗಳನ್ನು ಕೊರೆದು, ಹೆಚ್ಚಾಗಿ ಇಟಲಿಯ ಕೂಲಿಗಳ ಬೆವರಿನಲ್ಲಿ, 3,454 ಮೀಟರಿನ ಯುಂಗ್‌ಫ್ರೌಯೊಖ್‌ವರೆಗೆ ಹಳಿ ಹಾಕಿದರು. ಕನಸು ಕಂಡ ಉದ್ಯಮಿ ಗುಯರ್‌ ಟ್ಸೆಲ್ಲರ್‌ 1899ರಲ್ಲೇ ತೀರಿಕೊಂಡಿದ್ದ. ಮೇಲೆ ಹೋದರೆ ಆಲ್ಪ್ಸ್‌ನ ಅತಿ ದೊಡ್ಡ ಹಿಮನದಿ ಆಲೆಚ್‌ ಹಾಸಿಕೊಂಡಿದೆ, ನೋಡಬೇಕಾದದ್ದೇ. ಆದರೂ ದುಬಾರಿ ಟಿಕೆಟ್ಟಿಗೂ ಫೌಲ್‌ಹಾರ್ನ್‌ನ ಬೆಂಚಿಗೂ ನಡುವೆ ಆರಿಸು ಎಂದರೆ ನಾನು ಬೆಂಚಿಗೇ ಹೋಗುವವನು. ಅಷ್ಟು ಮೇಲೆ ಹೋದ ಮೇಲೆ ಐಗರ್‌ನ ಗೋಡೆಯೇ ಕಾಣುವುದಿಲ್ಲ.

ಊರಿನ ಇನ್ನೊಂದು ನೋಟ ಮಾತ್ರ ಯಾವ ಗುಡ್ಡ ಹತ್ತಿದರೂ ಮರಳಿ ಸಿಗದು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಗ್ರಿಂಡೆಲ್‌ವಾಲ್ಡ್‌ನ ಕೆಳ ಹಿಮನದಿಯ ಮೂತಿ ಕಣಿವೆಯ ತಳಕ್ಕೇ ಬಂದು ಹೊಲಗಳ ಪಕ್ಕ ಮಲಗಿತ್ತು. ಅದರಿಂದ ಮಂಜುಗಡ್ಡೆಯ ಗಟ್ಟಿಗಳನ್ನು ಕೊಯ್ದು ಮಾರುತ್ತಿದ್ದರು. ಈಗ ಅಲ್ಲಿ ಉಳಿದಿರುವುದು ಬರಿಯ ಕಲ್ಲಿನ ಕಮರಿ. ಮಂಜಿನ ಆಸರೆ ತಪ್ಪಿದ ಇಳಿಜಾರು ಕುಸಿಯತೊಡಗಿ, 2005ರಲ್ಲಿ ಷ್ಟೀರೆಗ್‌ ಎಂಬಲ್ಲಿನ ಹಳೆಯ ಗಿರಿಮನೆಯನ್ನು ಬಿಟ್ಟುಕೊಡಬೇಕಾಯಿತು. ಮರುವರ್ಷದ ಜುಲೈನಲ್ಲಿ ಐಗರ್‌ನ ಪೂರ್ವದ ಮಗ್ಗುಲಿನಿಂದಲೇ ಲಕ್ಷಾಂತರ ಘನ ಮೀಟರ್‌ ಬಂಡೆ ಕಳಚಿ ಬಿದ್ದು ಊರಿನ ಮೇಲೆ ಧೂಳು ಕವಿಯಿತು. ಕರಗಿದ ನೀರು ಕೆರೆಯಾಗಿ ನಿಂತು ಕೆಳಗಿನ ಊರುಗಳಿಗೆ ನುಗ್ಗದಿರಲೆಂದು ಬಂಡೆಯೊಳಗೆ ಎರಡು ಕಿಲೋಮೀಟರ್‌ ಸುರಂಗ ಕೊರೆದು ಅದನ್ನು ಹರಿಯಬಿಟ್ಟಿದ್ದಾರೆ. ಫಿಂಗ್‌ಸ್ಟೆಗ್‌ನಿಂದ ಬೇರೆಗ್‌ವರೆಗಿನ ದಾರಿಯಲ್ಲಿ ನಡೆದರೆ ಇದೆಲ್ಲ ಕಾಲ ಕೆಳಗೇ ಕಾಣುತ್ತದೆ: ಬೂದು ಗೀರುಗಳು, ಮರ ಬೆಳೆಯದ ಹಸಿ ಮಣ್ಣು, ಹಿಮನದಿ ಇದ್ದ ಎತ್ತರದ ಗುರುತು.

ಚಳಿಗಾಲದಲ್ಲಿ ಹೋದವರು ಫಿರ್ಸ್ಟ್‌ನಿಂದ ಮರದ ಸ್ಲೆಡ್ಜನ್ನು ಹಗ್ಗ ಕಟ್ಟಿ ಎಳೆದುಕೊಂಡು ಎರಡೂವರೆ ಗಂಟೆ ನಡೆಯುತ್ತಾರೆ. ಬಾಖಾಲ್ಪ್‌ ಸರೋವರ ಆಗ ಬಿಳಿಯ ಬಯಲು. ಎಲ್ಲಿ ನೀರು, ಎಲ್ಲಿ ನೆಲ ಎಂಬುದು ದಾರಿ ತೋರುವ ಕೋಲುಗಳಿಗೇ ಗೊತ್ತು. ಫೌಲ್‌ಹಾರ್ನ್‌ನ ಬುಡದಿಂದ ಶುರುವಾಗಿ ಬುಸ್ಸಾಲ್ಪ್‌ ಮೇಲಾಗಿ ಊರಿನವರೆಗೆ 15 ಕಿಲೋಮೀಟರ್‌ ಜಾರುದಾರಿ, 1,600 ಮೀಟರ್‌ ಇಳಿತ. ಐಗರ್‌ ಪೂರ್ತಿಯಾಗಿ ಮೂಗಿನ ನೇರಕ್ಕೆ ಬರುವುದು ಈ ಇಳಿಜಾರಿನಲ್ಲೇ, ಆದರೆ ದಾರಿಯಿಂದ ಕಣ್ಣು ಕೀಳುವಂತಿಲ್ಲ, ಮುಂದಿನ ತಿರುವು ಬಂದಾಯಿತು. ಪಕ್ಕದಲ್ಲಿ ಊರಿನ ಹುಡುಗನೊಬ್ಬ ಚಕ್ರದ ಬದಲು ಜಾರುಪಟ್ಟಿ ಕಟ್ಟಿದ ಮರದ ಸೈಕಲ್ಲಿನ ಮೇಲೆ ಸುಂಯ್ಯನೆ ಹೋಗುತ್ತಾನೆ. 1911ರಲ್ಲಿ ಈ ಊರಿನ ಕುಶಲಕರ್ಮಿಯೊಬ್ಬ ಪೇಟೆಂಟ್‌ ಪಡೆದ ಗಾಡಿಯದು, ವೆಲೊಗೆಮೆಲ್‌. ಇಷ್ಟು ವರ್ಷವಾದರೂ ಅದಕ್ಕೆ ಬ್ರೇಕು ಬಂದಿಲ್ಲ; ಸವೆಯುವುದು ಸವಾರನ ಬೂಟಿನ ಹಿಮ್ಮಡಿ.