ಮೋಟಾರು ಸೈಕಲ್ಲಿಗೆ ಹೊಸ ಟೈರು ಹಾಕಿಸುವಾಗ ರೈತರು ಗಮನಿಸಬೇಕಾದ ವಿಷಯಗಳು



ಹಿಂದೆ ಮನೆಯ ಮುಂದೆ ಎತ್ತಿನ ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಅನೇಕ ಮನೆಗಳಲ್ಲಿ ಮೋಟಾರು ಸೈಕಲ್ಲು ನಿಂತಿರುತ್ತದೆ. ಬೆಳಗ್ಗೆ ಡೈರಿಗೆ ಹಾಲು, ಮಧ್ಯಾಹ್ನ ತೋಟಕ್ಕೆ ಗೊಬ್ಬರ, ಸಂಜೆ ಹಸುವಿಗೆ ಹುಲ್ಲಿನ ಹೊರೆ, ಸಂತೆಯ ದಿನ ಹೆಂಡತಿ ಮಕ್ಕಳು. ಇಷ್ಟನ್ನೂ ನೆಲದ ಮೇಲೆ ಹಿಡಿದು ನಿಲ್ಲಿಸುವುದು ಅಂಗೈಗಿಂತ ದೊಡ್ಡದಲ್ಲದ ಎರಡು ರಬ್ಬರಿನ ತುಣುಕುಗಳು. ಎಂಜಿನ್ನಿನ ಎಣ್ಣೆ ಬದಲಾಯಿಸುವುದನ್ನು ಮರೆಯದವರು ಕೂಡ ಟೈರಿನ ವಿಷಯಕ್ಕೆ ಬಂದಾಗ "ಬೇಗ ಹಾಕಿಬಿಡಪ್ಪ, ಹೊತ್ತಾಯಿತು" ಎಂದು ಹೇಳಿ ಎದುರಿನ ಹೋಟೆಲಿಗೆ ಕಾಫಿಗೆ ಹೋಗುವುದುಂಟು. ಆ ಅರ್ಧ ಗಂಟೆ ಅಂಗಡಿಯಲ್ಲಿಯೇ ನಿಂತು ಏನೇನು ನೋಡಬೇಕೆಂಬುದನ್ನು ಇಲ್ಲಿ ಬರೆದಿದ್ದೇನೆ.

ಗಾಳಿ ತುಂಬಿದ ಟೈರನ್ನು 1888ರಲ್ಲಿ ಬಳಕೆಗೆ ತಂದ ಡನ್‌ಲಪ್ ಎಂಬುವರು ವೃತ್ತಿಯಲ್ಲಿ ಪಶುವೈದ್ಯರಾಗಿದ್ದರೆಂದು ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಮಗನ ಮೂರು ಗಾಲಿಯ ಸೈಕಲ್ಲು ಕಲ್ಲು ಹಾದಿಯಲ್ಲಿ ಕುಲುಕದಿರಲೆಂದು ಅವರು ಇದನ್ನು ಮಾಡಿದರು. ಟೈರಿನ ಕೆಲಸ ದನ ಕರುಗಳ ನಡುವೆ ಬಾಳುವವರ ತಿಳಿವಳಿಕೆಗೆ ಮೀರಿದ್ದಲ್ಲ ಎಂಬುದಕ್ಕಾಗಿ ಇದನ್ನು ಹೇಳಿದೆ.

ಟೈರಿನ ಪಕ್ಕೆಯ ಬರಹ

ಬೀಜದ ಚೀಲದ ಚೀಟಿಯನ್ನು ಓದಿ ಕೊಳ್ಳುವಂತೆ ಟೈರಿನ ಪಕ್ಕೆಯನ್ನೂ ಓದಿ ಕೊಳ್ಳಬೇಕು. 80/100-18 ಎಂದು ಇದ್ದರೆ ಟೈರಿನ ಅಗಲ 80 ಮಿಲಿಮೀಟರು, ಎತ್ತರ ಆ ಅಗಲದ ನೂರಕ್ಕೆ ನೂರು, ಕೂರುವ ರಿಮ್ಮಿನ ವ್ಯಾಸ 18 ಅಂಗುಲ ಎಂದು ತಿಳಿಯಿರಿ. ಇದರ ಮುಂದೆ 54 ಪಿ, 47 ಪಿ ಎಂಬಂಥ ಗುರುತು ಇರುತ್ತದೆ. 54 ಎಂದರೆ ಆ ಟೈರು ಹೊರಬಲ್ಲ ಭಾರ 212 ಕಿಲೋ. 47 ಎಂದರೆ 175 ಕಿಲೋ. ಅಂಗಡಿಯವರು "ಎರಡೂ ಒಂದೇ ಅಳತೆ, ಯಾವುದಾದರೇನು" ಎಂದರೆ ಒಪ್ಪಬೇಡಿರಿ. ಎರಡು ಬದಿಗೆ ಎರಡು ನಲವತ್ತು ಲೀಟರಿನ ಕ್ಯಾನು ಕಟ್ಟಿದರೆ ಹಾಲೇ 82 ಕಿಲೋ ಆಗುತ್ತದೆ. ಕ್ಯಾನುಗಳ ತೂಕ, ಸವಾರನ ತೂಕದ ಹೆಚ್ಚಿನ ಪಾಲು, ಗಾಡಿಯ ಅರ್ಧಕ್ಕಿಂತ ಹೆಚ್ಚು ತೂಕ, ಇವೆಲ್ಲ ಸೇರಿ ಹಿಂದಿನ ಗಾಲಿಯ ಮೇಲೆ ಸುಮಾರು 200 ಕಿಲೋ ಬೀಳುತ್ತದೆ. 175 ಕಿಲೋ ಟೈರಿನ ಮೇಲೆ ಇದನ್ನು ದಿನವೂ ಹೇರುವುದು ಕರುವನ್ನು ನೊಗಕ್ಕೆ ಕಟ್ಟಿದ ಹಾಗೆ.

ನಾಲ್ಕು ಅಂಕಿಯ ಇನ್ನೊಂದು ಗುರುತು ತಯಾರಾದ ಕಾಲವನ್ನು ಹೇಳುತ್ತದೆ. 2324 ಎಂದರೆ 2024ನೆಯ ಇಸವಿಯ 23ನೆಯ ವಾರ. ರಬ್ಬರು ಅಂಗಡಿಯಲ್ಲಿ ತೂಗಿದ್ದರೂ ಮುಪ್ಪಾಗುತ್ತದೆ, ಬಿಸಿಲಿನಲ್ಲಿ ತೂಗಿದ್ದರೆ ಇನ್ನೂ ಬೇಗ.

ಕೂರಿಸುವ ಕೆಲಸ

ಟೈರಿನ ಅಂಚಿನೊಳಗೆ ಉಕ್ಕಿನ ತಂತಿಯ ಬಳೆಯಿದೆ. ಅದು ಹಿಗ್ಗುವುದಿಲ್ಲ. ಹಾಗಿದ್ದರೆ ತನಗಿಂತ ದೊಡ್ಡದಾದ ರಿಮ್ಮಿನ ಅಂಚನ್ನು ಅದು ಹೇಗೆ ದಾಟುತ್ತದೆ? ರಿಮ್ಮಿನ ನಡುವೆ ಸುತ್ತಲೂ ಒಂದು ತಗ್ಗು ಇದೆ. ಒಂದು ಬದಿಯಲ್ಲಿ ಟೈರಿನ ಅಂಚನ್ನು ಮೊಣಕಾಲಿನಿಂದ ಒತ್ತಿ ಆ ತಗ್ಗಿಗೆ ಇಳಿಸಿದರೆ ಎದುರು ಬದಿಯಲ್ಲಿ ಅಷ್ಟು ಸಡಿಲ ಸಿಗುತ್ತದೆ. ಆಗ ಲಿವರು ಹಾಕಿ ಎತ್ತಿದರೆ ಸಲೀಸಾಗಿ ಒಳಗೆ ಹೋಗುತ್ತದೆ. ಇದನ್ನು ತಿಳಿದ ಕೆಲಸಗಾರ ಬೆವರುವುದಿಲ್ಲ. ತಿಳಿಯದವನು ಲಿವರಿನ ಮೇಲೆ ಮೈಭಾರವನ್ನೆಲ್ಲ ಬಿಡುತ್ತಾನೆ. ತಂತಿ ಮುರಿಯುತ್ತದೆ, ರಿಮ್ಮಿನ ಅಂಚು ಸೊಟ್ಟಗಾಗುತ್ತದೆ, ಇಲ್ಲವೇ ಲಿವರಿನ ತುದಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಜಜ್ಜಿಹೋಗುತ್ತದೆ. ಹೀಗೆ ಜಜ್ಜಿದ ಟ್ಯೂಬು ಅಂಗಡಿಯಲ್ಲಿ ಗಾಳಿ ಹಿಡಿದು ನಿಲ್ಲಬಹುದು, ಮೂರನೆಯ ದಿನ ಹೆದ್ದಾರಿಯಲ್ಲಿ ಕೈಕೊಡಬಹುದು. ಮುಂದಿನ ಗಾಲಿಯಾದರೆ ಏನಾಗುವುದೆಂದು ಹೇಳಬೇಕಾಗಿಲ್ಲ. ಮೇಸ್ತ್ರಿ ಬಹಳ ಬಲ ಹಾಕುತ್ತಿದ್ದಾರೆಂದು ಕಂಡರೆ "ಅಣ್ಣಾ, ಎದುರು ಬದಿ ತಗ್ಗಿಗೆ ಇಳಿದಿದೆಯೇ ನೋಡು" ಎಂದು ಹೇಳಿರಿ. ಇದರಿಂದ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ.

ಕಡ್ಡಿಯ ಗಾಲಿಯಾದರೆ ರಿಮ್ಮಿನ ಒಳಗೆ ಸುತ್ತಲೂ ಒಂದು ರಬ್ಬರು ಪಟ್ಟಿ ಇರಲೇಬೇಕು. ಕಡ್ಡಿಗಳ ತುದಿ ಟ್ಯೂಬಿಗೆ ಚುಚ್ಚದಂತೆ ಕಾಯುವುದು ಅದೇ. ಹರಿದಿದ್ದರೆ ಬದಲಾಯಿಸಿರಿ. ತುಕ್ಕು ಹಿಡಿದ ರಿಮ್ಮನ್ನು ಉಜ್ಜಿಸಿರಿ. ಹೊಸ ಟೈರಿಗೆ ಹೊಸ ಟ್ಯೂಬನ್ನೇ ಹಾಕಿಸುವುದು ಒಳ್ಳೆಯದು. ಹಳೆಯದು ಹಿಗ್ಗಿರುವುದರಿಂದ ಹೊಸ ಟೈರಿನೊಳಗೆ ಮಡಿಕೆ ಬೀಳುತ್ತದೆ, ಮಡಿಕೆ ಬಿದ್ದಲ್ಲಿ ಸವೆದು ತೂತಾಗುತ್ತದೆ. ಟ್ಯೂಬಿಗೆ ಸ್ವಲ್ಪ ಗಾಳಿ ತುಂಬಿ, ಅದು ದುಂಡಗೆ ನಿಂತ ಮೇಲೆ ಒಳಗಿಡಬೇಕು. ಅಂಚಿಗೆ ಸೋಪಿನ ನೀರು ಸವರಬೇಕು. ಕೆಲವರು ಕೈಗೆ ಸಿಕ್ಕಿದ ಎಂಜಿನ್ ಎಣ್ಣೆಯನ್ನೋ ಗ್ರೀಸನ್ನೋ ಸವರುತ್ತಾರೆ. ಅದು ರಬ್ಬರಿಗೆ ವಿಷ. ಅಲ್ಲದೆ ಎಣ್ಣೆ ಒಣಗದೆ ಉಳಿದು, ಬ್ರೇಕು ಹಾಕಿದಾಗ ಟೈರು ರಿಮ್ಮಿನ ಮೇಲೆ ಜಾರಿ ವಾಲ್ವಿನ ಬುಡವನ್ನು ಕೀಳುತ್ತದೆ. ವಾಲ್ವು ಓರೆಯಾಗಿ ನಿಂತಿರುವುದನ್ನು ಎಂದಾದರೂ ಕಂಡರೆ ಇದೇ ಆಗಿದೆಯೆಂದು ತಿಳಿದು, ಮುಂದೆ ಓಡಿಸದೆ ಬಿಚ್ಚಿಸಿರಿ.

ಟೈರಿನ ಮೇಲೆ ಬಾಣದ ಗುರುತಿದ್ದರೆ ಅದು ಗಾಲಿ ಮುಂದಕ್ಕೆ ಉರುಳುವ ದಿಕ್ಕನ್ನು ತೋರಬೇಕು. ಪಕ್ಕೆಯಲ್ಲಿ ಬಣ್ಣದ ಚುಕ್ಕೆಯಿದ್ದರೆ ಅದು ಟೈರಿನ ಹಗುರವಾದ ಭಾಗ. ವಾಲ್ವು ಭಾರವಾದುದರಿಂದ ಚುಕ್ಕೆಯನ್ನು ಅದರ ನೇರಕ್ಕೆ ಇಡುತ್ತಾರೆ. ಗಾಳಿ ತುಂಬಿದ ಮೇಲೆ ರಿಮ್ಮಿನ ಪಕ್ಕದಲ್ಲಿ ಟೈರಿನ ಮೇಲೆಯೇ ಅಚ್ಚೊತ್ತಿದ ಸಣ್ಣ ಗೆರೆಯೊಂದು ಕಾಣುತ್ತದೆ. ಅದು ಎರಡೂ ಬದಿಗಳಲ್ಲಿ ಸುತ್ತಲೂ ರಿಮ್ಮಿನಿಂದ ಒಂದೇ ದೂರದಲ್ಲಿರಬೇಕು. ಒಂದು ಕಡೆ ಗೆರೆ ಮುಳುಗಿದ್ದರೆ ಟೈರು ಸರಿಯಾಗಿ ಕುಳಿತಿಲ್ಲ. ಆಗ ಗಾಳಿ ಬಿಟ್ಟು, ಸೋಪಿನ ನೀರು ಸವರಿ, ಮತ್ತೆ ತುಂಬಬೇಕೇ ಹೊರತು ಮೇಲಿಂದ ಮೇಲೆ ಗಾಳಿ ಹೊಡೆಯುತ್ತ ಹೋಗಬಾರದು. ಸಿಡಿದರೆ ಬೆರಳು ಹೋಗುತ್ತದೆ.

ತೂಕ ಸರಿಪಡಿಸುವುದು

ಪೇಟೆಯ ದೊಡ್ಡ ವರ್ಕ್‌ಷಾಪುಗಳಲ್ಲಿ ಬ್ಯಾಲೆನ್ಸ್ ಮಾಡಿಕೊಡುತ್ತಾರೆ. "ಸ್ವಾಮಿ, ನಲವತ್ತರಲ್ಲಿ ಹೋಗುವ ನನ್ನ ಗಾಡಿಗೆ ಅದೆಲ್ಲ ಏಕೆ? ದುಡ್ಡು ಕೀಳುವುದಕ್ಕೋ?" ಎಂದು ಯಜಮಾನರೊಬ್ಬರು ನನ್ನನ್ನು ಕೇಳಿದರು. ಪ್ರಶ್ನೆ ಸರಿಯಾದುದೇ.

ಹೊಲದಲ್ಲಿ ಹಕ್ಕಿ ಕಾಯುವಾಗ ಕವಣೆ ಬೀಸಿದ್ದೀರಿ. ಕಲ್ಲು ಚಿಕ್ಕದಾದರೂ ಬೀಸಿದಂತೆಲ್ಲ ಕೈಯನ್ನು ಎಳೆಯುತ್ತದೆ. ಗಾಲಿಯ ಒಂದು ಕಡೆ ಉಳಿದ ಕಡೆಗಿಂತ ಭಾರವಿದ್ದರೆ ಅದೂ ಕವಣೆಯ ಕಲ್ಲಿನಂತೆಯೇ ಅಚ್ಚನ್ನು ಎಳೆಯುತ್ತದೆ. ಮೇಲೆ ಹೇಳಿದ 80/100-18 ಟೈರಿನ ಗಾಲಿ ಒಂದು ಸುತ್ತಿಗೆ ಸುಮಾರು 1.9 ಮೀಟರು ಸಾಗುತ್ತದೆ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಅದು ಸೆಕೆಂಡಿಗೆ ಎಂಟೂವರೆ ಸುತ್ತು ತಿರುಗುತ್ತದೆ. ರಿಮ್ಮಿನ ಅಂಚಿನಲ್ಲಿ ಬರಿಯ 20 ಗ್ರಾಂ ಹೆಚ್ಚಿದ್ದರೂ ಆಗ ಅದು ಸುಮಾರು 1.3 ಕಿಲೋ ತೂಗಿದಷ್ಟು ಎಳೆಯುತ್ತದೆ. 30ರ ವೇಗದಲ್ಲಿ ಎಳೆತ ಅದರ ಕಾಲು ಭಾಗ ಮಾತ್ರ. ಆದುದರಿಂದ ಊರಿನಿಂದ ತೋಟಕ್ಕೆ ಮಾತ್ರ ಓಡುವ ಗಾಡಿಗೆ ಬ್ಯಾಲೆನ್ಸ್ ಇಲ್ಲದಿದ್ದರೂ ನಡೆಯುತ್ತದೆ ಎಂದೇ ನನ್ನ ಅಭಿಪ್ರಾಯ. ದಿನವೂ ಹೆದ್ದಾರಿಯಲ್ಲಿ ಅರವತ್ತು ಎಪ್ಪತ್ತರ ವೇಗದಲ್ಲಿ ಹೋಗುವವರು ಮುಂದಿನ ಗಾಲಿಗಾದರೂ ಮಾಡಿಸಬೇಕು. ಇಲ್ಲವಾದರೆ ಹ್ಯಾಂಡಲ್ಲು ನಡುಗುತ್ತದೆ, ಟೈರು ಅಲ್ಲಲ್ಲಿ ಹಳ್ಳ ಬಿದ್ದಂತೆ ಸವೆಯುತ್ತದೆ.

ಕೆಲಸ ಸರಳವಾದುದು. ಗಾಲಿಯನ್ನು ಹಗುರವಾಗಿ ತಿರುಗುವ ಅಚ್ಚಿಗೆ ಏರಿಸಿ ಬಿಟ್ಟರೆ ಭಾರದ ಭಾಗ ಕೆಳಗೆ ಬಂದು ನಿಲ್ಲುತ್ತದೆ. ಅದರ ನೇರ ಎದುರಿಗೆ, ಎಂದರೆ ಮೇಲುಗಡೆ, ಕಡ್ಡಿಗೋ ರಿಮ್ಮಿಗೋ ಸಣ್ಣ ತೂಕವನ್ನು ಅಂಟಿಸಿ ಮತ್ತೆ ತಿರುಗಿಸುತ್ತಾರೆ. ತಕ್ಕಡಿ ಸರಿಮಾಡುವಂತೆಯೇ. ಎಲ್ಲಿ ಬಿಟ್ಟರೂ ಅಲ್ಲಿಯೇ ನಿಂತರೆ ಕೆಲಸ ಮುಗಿಯಿತು. ಮನೆಯಲ್ಲಿ ಪರೀಕ್ಷಿಸಬೇಕೆಂದರೆ, ಗಾಡಿಯನ್ನು ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಒಬ್ಬರು ಹಿಂದುಗಡೆ ಒತ್ತಿ ಹಿಡಿದರೆ ಮುಂದಿನ ಗಾಲಿ ಮೇಲೇಳುತ್ತದೆ. ಮೆಲ್ಲಗೆ ತಿರುಗಿಸಿ, ನಿಂತಾಗ ತಳಭಾಗಕ್ಕೆ ಸುಣ್ಣದ ಗುರುತು ಹಾಕಿರಿ. ನಾಲ್ಕೈದು ಸಲವೂ ಅದೇ ಗುರುತು ಕೆಳಗೆ ಬಂದರೆ ಅಲ್ಲಿ ಭಾರವಿದೆ. ಬ್ರೇಕು ತಾಗುತ್ತಿದ್ದರೆ ಈ ಪರೀಕ್ಷೆ ತಪ್ಪುತ್ತದೆ.

ಒಂದು ಎಚ್ಚರಿಕೆ. ರಿಮ್ಮು ಸೊಟ್ಟಗಿದ್ದರೆ, ಕಡ್ಡಿ ಸಡಿಲವಾಗಿದ್ದರೆ, ಟೈರು ಓರೆಯಾಗಿ ಕುಳಿತಿದ್ದರೆ ಎಷ್ಟು ತೂಕ ಅಂಟಿಸಿದರೂ ನಡುಕ ಹೋಗದು. ಮೊದಲು ಅವನ್ನು ಸರಿಪಡಿಸಿ ಅನಂತರ ತೂಕಕ್ಕೆ ಹೋಗಬೇಕು. ಈ ಕ್ರಮ ತಪ್ಪಿಸಿ ಹಣ ಕಳೆದುಕೊಂಡವರು ಬಹಳ ಮಂದಿ.

ಅಂಗಡಿ ಬಿಡುವ ಮುನ್ನ

ಟೈರು ಎಷ್ಟು ಚೆನ್ನಾಗಿ ಕುಳಿತರೂ ಗಾಲಿಯನ್ನು ಗಾಡಿಗೆ ಸರಿಯಾಗಿ ಜೋಡಿಸದಿದ್ದರೆ ಅಪಾಯ ಹೆಚ್ಚು. ಹಿಂದಿನ ಗಾಲಿಯ ಡ್ರಮ್ ಬ್ರೇಕಿನ ತಟ್ಟೆ ತಿರುಗದಂತೆ ಒಂದು ಉದ್ದನೆಯ ಕಬ್ಬಿಣದ ಪಟ್ಟಿ ಹಿಡಿದಿರುತ್ತದೆ. ಅದರ ನಟ್ಟು, ನಟ್ಟಿಗೆ ಒಂದು ಪಿನ್ನು. ಗಾಡಿಯ ಅಚ್ಚಿಗೆ ಕಡಾಣಿ ಹೇಗೋ ಇಲ್ಲಿ ಆ ಪಿನ್ನು ಹಾಗೆ. ಇದು ಕಳಚಿದರೆ ಬ್ರೇಕು ಒತ್ತಿದ ಕೂಡಲೇ ತಟ್ಟೆಯೇ ಗಾಲಿಯೊಡನೆ ತಿರುಗಿ, ಗಾಲಿ ಕಚ್ಚಿಕೊಂಡು ನಿಂತುಬಿಡಬಹುದು. ನಮ್ಮ ಕಡೆ ಹಾಲು ಸಾಗಿಸುವ ಯುವಕರೊಬ್ಬರು ಟೈರು ಬದಲಾಯಿಸಿದ ಮರುದಿನ ಡೈರಿಯ ಮುಂದೆ ಗಾಡಿ ನಿಲ್ಲಿಸಿದಾಗ ಹಿರಿಯರೊಬ್ಬರು "ಏನಪ್ಪಾ, ಇಲ್ಲಿ ನಟ್ಟೇ ಇಲ್ಲವಲ್ಲ" ಎಂದು ತೋರಿಸಿದರು. ಬೋಲ್ಟು ಅರ್ಧ ಹೊರಬಂದಿತ್ತು. ಕ್ಯಾನು ಇಳಿಸಿ ಗಾಡಿಯನ್ನು ತಳ್ಳಿಕೊಂಡೇ ಹೋದರು.

ಮುಂದಿನ ಗಾಲಿ ಡ್ರಮ್ ಬ್ರೇಕಿನದಾದರೆ ತಟ್ಟೆಯ ಗಾಡಿ ಫೋರ್ಕಿನ ಹಲ್ಲಿಗೆ ಕೂತಿರಬೇಕು. ಡಿಸ್ಕ್ ಬ್ರೇಕಾದರೆ ಹೊರಡುವ ಮೊದಲು ಹಿಡಿಯನ್ನು ನಾಲ್ಕೈದು ಸಲ ಒತ್ತಿ, ಗಟ್ಟಿಯಾಗಿ ನಿಲ್ಲುವುದೇ ನೋಡಿರಿ. ಹಿಂದಿನ ಅಚ್ಚಿನ ಎರಡು ಬದಿಯ ಗುರುತುಗಳೂ ಒಂದೇ ಸಮನಾಗಿರಬೇಕು, ಇಲ್ಲದಿದ್ದರೆ ಗಾಲಿ ಓರೆಯಾಗಿ ಚೈನು ಸವೆಯುತ್ತದೆ. ಗಾಳಿಯ ಪ್ರಮಾಣ ಗಾಡಿಯ ಮೇಲಿನ ಚೀಟಿಯಲ್ಲಿಯೂ ಕೈಪಿಡಿಯಲ್ಲಿಯೂ ಇರುತ್ತದೆ. ಹಿಂದೆ ಒಬ್ಬರು ಕೂರುವುದಾದರೆ ಹಿಂದಿನ ಗಾಲಿಗೆ ಹೆಚ್ಚು ಬೇಕು. ಟೈರು ತಣ್ಣಗಿರುವಾಗ ಅಳೆಯಿಸಿರಿ. ಬೆರಳಿನಿಂದ ಒತ್ತಿ ನೋಡುವುದು ಅಳತೆಯಲ್ಲ.

ಹೊಸ ಟೈರಿನ ಮೈ ನುಣುಪಾಗಿರುತ್ತದೆ. ಮೊದಲ ನೂರು ನೂರೈವತ್ತು ಕಿಲೋಮೀಟರು ತಿರುವುಗಳಲ್ಲಿ ಬಾಗಿಸದೆ, ಭಾರ ಹೇರದೆ ಓಡಿಸಿರಿ. ಮಳೆ ಬಂದಿದ್ದರೆ ಇನ್ನೂ ನಿಧಾನ. ವಾರದೊಳಗೆ ಅಚ್ಚಿನ ನಟ್ಟು, ಕಡ್ಡಿಗಳ ಬಿಗಿತ, ಗಾಳಿ ಇವನ್ನು ಇನ್ನೊಮ್ಮೆ ತೋರಿಸಿರಿ.

ಹಳೆಯ ಟ್ಯೂಬನ್ನು ಕೇಳಿ ತೆಗೆದುಕೊಂಡು ಬನ್ನಿರಿ; ಪಟ್ಟಿ ಕೊಯ್ದರೆ ಹೊರೆ ಕಟ್ಟಲು ಬರುತ್ತದೆ. ಹಳೆಯ ಟೈರನ್ನು ಮಾತ್ರ ಅಂಗಡಿಯಲ್ಲಿಯೇ ಬಿಟ್ಟು ಬನ್ನಿರಿ. ಹಿತ್ತಿಲಲ್ಲಿ ಎಸೆದರೆ ಅದರೊಳಗೆ ಮಳೆನೀರು ನಿಂತು, ಹತ್ತು ದಿನ ಕಳೆಯುವುದರೊಳಗೆ ಡೆಂಗ್ಯೂ ತರುವ ಸೊಳ್ಳೆ ಹುಟ್ಟಿ ಹಾರುತ್ತದೆ. ಬೇಲಿಗೋ ಮಕ್ಕಳ ಆಟಕ್ಕೋ ಬೇಕೇ ಬೇಕೆಂದರೆ, ನೀರು ನಿಲ್ಲದಂತೆ ಸುತ್ತಲೂ ದೊಡ್ಡ ತೂತುಗಳನ್ನು ಕೊರೆದು ಇಡಿರಿ.